ಬೋರಯ್ಯನ ರಕ್ತ

ಅಣ್ಣನ ಮಣ್ಣನ್ನು ಚಾಮುಂಡಿ ನೋಡಿದ್ದು ಫೋನಿನಲ್ಲಿ.

೨೦೨೦ರ ಮೇ ತಿಂಗಳು. ವಿಮಾನಗಳು ನಿಂತಿದ್ದವು. ಅವಳಿದ್ದ ಕ್ಲಾಂಗ್‌ನಿಂದ ಪಕ್ಕದ ರಾಜ್ಯಕ್ಕೆ ಕಾಲಿಡುವುದಕ್ಕೂ ಪೊಲೀಸರ ಅಪ್ಪಣೆ ಬೇಕಿತ್ತು; ಇನ್ನು ಮಲೇಷ್ಯಾ ಬಿಟ್ಟು ಪಾಂಡವಪುರಕ್ಕೆ ಹೋಗುವ ಮಾತೆಲ್ಲಿ? ಅಲ್ಲಿ ದಾಯಾದಿ ರಮೇಶ ಫೋನ್ ಹಿಡಿದು ನಿಂತಿದ್ದ. ಒಮ್ಮೆ ಗುಂಡಿ ಕಾಣುತ್ತಿತ್ತು, ಒಮ್ಮೆ ಬಿಸಿಲು ತುಂಬಿದ ಆಕಾಶ, ಒಮ್ಮೆ ಯಾರದೋ ಚಪ್ಪಲಿ. ಗುಂಪು ಸೇರಬಾರದು ಎಂದು ಪೊಲೀಸರು ಹೇಳಿದ್ದರೂ ರಸ್ತೆಯಂಚಿನಲ್ಲಿ ಜನ ದೂರದೂರ ನಿಂತಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು. ಸೆರಗನ್ನೇ ಮಾಸ್ಕ್ ಮಾಡಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು.

ಬೋರಯ್ಯ ಪುರಸಭೆಯಲ್ಲಿ ನೀರು ಬಿಡುವ ಕೆಲಸದವನು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು, ಬೀದಿಬೀದಿಯ ವಾಲ್ವು ತಿರುಗಿಸುತ್ತ ಹೋಗುತ್ತಿದ್ದ. ಆದರೆ ಊರು ಅವನನ್ನು ನೆನೆಯುತ್ತಿದ್ದದ್ದು ನೀರಿಗಿಂತ ಹೆಚ್ಚಾಗಿ ರಕ್ತಕ್ಕೆ. ಅವನದು ಓ ನೆಗೆಟಿವ್. ಆ ಕಡೆಗೆಲ್ಲ ಅಪರೂಪದ ಗುಂಪು. ಹೆರಿಗೆಯಲ್ಲಿ ಯಾರಿಗಾದರೂ ರಕ್ತ ಹೋಗುತ್ತಿದೆ, ಹೊಂದುವ ರಕ್ತ ಎಲ್ಲೂ ಸಿಗುತ್ತಿಲ್ಲ ಎಂದಾಗ ಆಸ್ಪತ್ರೆಯವರು ಜನ ಅಟ್ಟುತ್ತಿದ್ದದ್ದು ಅವನ ಮನೆಗೆ. ತಟ್ಟೆಯಲ್ಲಿದ್ದ ಮುದ್ದೆ ಮುರಿದದ್ದು ಮುರಿದ ಹಾಗೆ ಬಿಟ್ಟು ಅವನು ಎದ್ದು ಹೋಗುತ್ತಿದ್ದ. ಆಮೇಲೆ ಎಡ ತೋಳನ್ನು ಮಡಚಿ, ಮೊಣಕೈ ಸಂದಿಯಲ್ಲಿ ಹತ್ತಿ ಒತ್ತಿ ಹಿಡಿದು, ನಡೆದುಕೊಂಡೇ ಮನೆಗೆ ಬರುತ್ತಿದ್ದ. 'ರಕ್ತದ ಬೋರಯ್ಯ' ಎಂದೇ ಹೆಸರು ಬಿದ್ದಿತ್ತು.

ಚಾಮುಂಡಿಯದೂ ಅದೇ ಗುಂಪು. ೧೯೯೮ರಲ್ಲಿ ಮಗಳು ಗಾನವಿಯನ್ನು ಹೆತ್ತಾಗ ತಾಯಿ ಬದುಕುವ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಅರೆಪ್ರಜ್ಞೆಯಲ್ಲಿ ಅವಳಿಗೆ ನೆನಪಿದ್ದದ್ದು ಒಂದೇ: ಕೈಗೆ ತಾಗಿದ ರಕ್ತದ ಚೀಲ ಬೆಚ್ಚಗಿತ್ತು. "ನಿಮ್ಮಣ್ಣನ ಮೈಯಿಂದ ಈಗ ತಾನೆ ತೆಗೆದದ್ದು ಕಣಮ್ಮ," ಎಂದಿದ್ದಳು ನರ್ಸು.

ಅಂಥ ಅಣ್ಣ ಸತ್ತದ್ದು ಲಿವರ್ ಹಾಳಾಗಿ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಲಾಕ್‌ಡೌನ್ ನಡುವೆ ಯಾರದೋ ಟೆಂಪೋದಲ್ಲಿ ಮೈಸೂರಿಗೆ ಒಯ್ದಿದ್ದರು. ಅಲ್ಲಿ ಕೊರೋನಾ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಜೀವ ಹೋಗಿತ್ತು. ಅದಕ್ಕೂ ಒಂದೆರಡು ವರ್ಷ ಮೊದಲು ಊರಿನ ಡಾಕ್ಟರು ಸ್ಕ್ಯಾನ್ ನೋಡಿ, ಲಿವರ್ ತುಂಬ ಕೊಬ್ಬು ಕೂತಿದೆ, ಎಷ್ಟು ವರ್ಷದಿಂದ ಕುಡೀತಿದ್ದೀಯಯ್ಯ ಎಂದು ಹೆಂಡತಿ ಸರೋಜಳ ಎದುರಿಗೇ ಕೇಳಿದ್ದರು. ಇಲ್ಲ ಸಾರ್, ಮುಟ್ಟಿದೋನೇ ಅಲ್ಲ ಎಂದಿದ್ದ. ಡಾಕ್ಟರು ನಕ್ಕಿದ್ದರು. ಅಂದಿನಿಂದ ಸರೋಜ ಹಾಸಿಗೆ ಬೇರೆ ಮಾಡಿಕೊಂಡಳು. ಗಂಡ ಹೊರಗಿನಿಂದ ಬಂದರೆ ಬಾಯಿ ಮೂಸುತ್ತಿದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಸರೋಜ ಫೋನಿನಲ್ಲಿ ಅಂದದ್ದನ್ನು ಚಾಮುಂಡಿಗೆ ಮರೆಯಲಾಗಲಿಲ್ಲ.

"ಕುಡೀದೆ ಲಿವರ್ ಹೋಯ್ತದಾ ಚಾಮುಂಡಿ? ಊರೆಲ್ಲ ದೇವ್ರು ಅಂತು. ದೇವ್ರು ಕದ್ದು ಕುಡೀತಿದ್ದ. ನಂಗೊಬ್ಳಿಗೆ ಗೊತ್ತು."

ಚಾಮುಂಡಿ ಇಲ್ಲ ಎನ್ನಲಿಲ್ಲ. ಏನೋ, ಯಾರು ಕಂಡವರು ಎಂದು ಅವಳ ಮನಸ್ಸಿನ ಒಂದು ಮೂಲೆಯೂ ಅಂದಿತು.

ಸತ್ತ ಮೇಲೆ ಅವಳಿಗೆ ಅಣ್ಣ ಮೊದಲ ಸಲ ಕಂಡದ್ದು ಆ ಸೆಪ್ಟೆಂಬರಿನಲ್ಲಿ, ಕ್ಲಾಂಗ್‌ನಲ್ಲಿ ನೀರು ನಿಂತ ದಿನಗಳಲ್ಲಿ. ನದಿಗೆ ಏನೋ ಸೇರಿದೆಯೆಂದು ಸರಬರಾಜು ನಿಲ್ಲಿಸಿದ್ದರು. ಕೆಳಗೆ ಟ್ಯಾಂಕರ್ ಬಂದಾಗ ಮಾಸ್ಕ್ ಹಾಕಿಕೊಂಡ ಜನ ಬಕೆಟ್ ಹಿಡಿದು ಸಾಲು ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ, ಊಟದ ಪಾತ್ರೆ ಹಾಗೇ ಬಿದ್ದಿದ್ದಾಗ, ಚಾಮುಂಡಿ ನೀರು ಬಂದಿದೆಯೇನೋ ನೋಡೋಣವೆಂದು ಅಡುಗೆಮನೆಯ ನಲ್ಲಿ ತಿರುಗಿಸಿದಳು. ನಲ್ಲಿ ನಿಟ್ಟುಸಿರು ಬಿಟ್ಟಿತು. ಗಾಳಿ, ಮತ್ತೆ ಗಾಳಿ, ಆಮೇಲೆ ತುಕ್ಕಿನ ವಾಸನೆ, ಹಸಿ ಮಣ್ಣಿನ ವಾಸನೆ. ವಾಲ್ವಿನ ಗುಂಡಿಗೆ ಇಳಿದು ಮೇಲೆ ಬಂದ ಅಣ್ಣನ ಮೈ ಹೀಗೇ ನಾರುತ್ತಿತ್ತಲ್ಲ ಎಂದುಕೊಂಡು ತಿರುಗಿದಳು.

ಬಾಗಿಲಲ್ಲಿ ಬೋರಯ್ಯ ನಿಂತಿದ್ದ. ಖಾಕಿ ಅಂಗಿ. ಎಡ ತೋಳು ಮಡಚಿಕೊಂಡಿದ್ದ. ಸಂದಿಯಲ್ಲಿ ಹತ್ತಿ.

"ಅಣ್ಣಾ," ಎಂದಳು.

"ಅಮ್ಮಾ, ಯು ಕಾಲ್ಡ್ ಮೀ?" ಎಂದು ಒಳಗಿನಿಂದ ಗಾನವಿ ಕೂಗಿದಳು. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಬಯೋಮೆಡಿಕಲ್ ಓದುತ್ತಿದ್ದ ಅವಳು ಕ್ಯಾಂಪಸ್ ಮುಚ್ಚಿದ್ದರಿಂದ ಮನೆಯಿಂದಲೇ ತರಗತಿ ಕೇಳುತ್ತಿದ್ದಳು. ಚಾಮುಂಡಿ ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ ಬಾಗಿಲು ಬರಿದಾಗಿತ್ತು.

ಹೆದರಿಕೆಯಾಗಲಿಲ್ಲ. ಮಣ್ಣಿಗೆ ಹೋಗಲಾಗದವಳನ್ನು ಅವನೇ ನೋಡಿ ಹೋಗಲು ಬಂದ ಎಂದುಕೊಂಡು ಸೆರಗಿನಲ್ಲಿ ಮುಖ ಒತ್ತಿ ಅತ್ತಳು. ಆದರೆ ಅವನು ಮತ್ತೆ ಬಂದ. ಒಮ್ಮೆ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನ ಮುಂದೆ ಅವಳು ರೊಟ್ಟಿ ಕಟ್ಟಿಸಿಕೊಳ್ಳಲು ನಿಂತಿದ್ದಾಗ, ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಡೆ. ಒಮ್ಮೆ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ. ಎಲ್ಲವೂ ಹಗಲಿನಲ್ಲೇ, ಕಣ್ಣು ಕುಕ್ಕುವ ಬೆಳಕಿನಲ್ಲೇ. ಒಂದು ಮಾತೂ ಆಡುತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆಯುವವನ ಹಾಗೆ ನಿಂತಿರುತ್ತಿದ್ದ, ಅಷ್ಟೇ.

ಗಂಡ ಗಂಗಾಧರನಿಗೆ ಅವಳು ಹೇಳಲಿಲ್ಲ. ಅವನು ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿದ್ದವನು. ಹಡಗು ತಡವಾಯಿತು, ಕಂಟೇನರ್ ಸಿಗುತ್ತಿಲ್ಲ ಎಂದು ದಿನವಿಡೀ ಫೋನಿಗೆ ಅಂಟಿಕೊಂಡಿರುತ್ತಿದ್ದ. ಅವಳ ಮುಖ ಬಾಡಿದ್ದನ್ನು ಮಾತ್ರ ಗಮನಿಸಿದ. ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಸುಸ್ತು. ಮಧ್ಯಾಹ್ನ ಸೋಫಾದಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು.

"ಅಣ್ಣನ ಯೋಚನೆ ಅಂತ ಎಷ್ಟು ದಿನ ಹೀಗೇ ಇರ್ತೀಯಾ? ನಡಿ, ನಾಝಿಯಾ ಹತ್ರ ಹೋಗಿ ಬರೋಣ," ಎಂದ ಜನವರಿಯಲ್ಲಿ.

ಡಾಕ್ಟರ್ ನಾಝಿಯಾ ಗದಗದವರು. ಕ್ಲಾಂಗ್‌ನಲ್ಲಿ ಮದುವೆಯಾಗಿ ನೆಲೆಸಿ, ಅಲ್ಲೇ ಕ್ಲಿನಿಕ್ ಇಟ್ಟಿದ್ದರು. ಕನ್ನಡದವರು ಬಂದರೆ ಅವರ ಮಾತು ತಾನಾಗಿ ಗದಗಕ್ಕೆ ಹೋಗಿಬಿಡುತ್ತಿತ್ತು. ರಕ್ತದ ವರದಿಯನ್ನು ಅವರು ಎರಡು ಸಲ ಓದಿದರು.

"ಎಣ್ಣಿ, ತುಪ್ಪ ಏನೂ ತಿನ್ನಂಗಿಲ್ಲೇನ್ರಿ ನೀವು?"

"ಚೆನ್ನಾಗೇ ತಿಂತೀನಿ ಡಾಕ್ಟ್ರೇ. ಎಷ್ಟು ತಿಂದ್ರೂ ನನಗೆ ಕೊಲೆಸ್ಟ್ರಾಲ್ ಬರಲ್ಲ. ಇವರಿಗೆ ಅದೇ ಹೊಟ್ಟೆಕಿಚ್ಚು."

"ಪ್ರತಿ ವರ್ಷ ಚೆಕಪ್‌ನಲ್ಲೂ ಇವಳದೇ ಫಸ್ಟ್ ಕ್ಲಾಸು," ಎಂದ ಗಂಗಾಧರ.

ನಾಝಿಯಾ ನಗಲಿಲ್ಲ. "ಇಷ್ಟ್ ಕಮ್ಮಿ ಇರೋದು ನನಗ ಸರಿ ಅನ್ಸವಲ್ದು," ಎಂದು ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನ್ ಬಂದ ಮೇಲೆ ಇನ್ನೂ ಗಂಭೀರರಾದರು. "ರಕ್ತದಾಗ ಕೊಬ್ಬಿಲ್ಲ. ಲಿವರ್‌ದಾಗ ನೋಡಿದ್ರ ತುಂಬಿ ಕುಂತೈತಿ. ನೀವು ದಪ್ಪ ಇಲ್ಲ, ಶುಗರ್ ಇಲ್ಲ, ಕುಡಿಯಂಗಂತೂ ಇಲ್ಲ. ಹಂಗಾರ ಇಷ್ಟ್ ಕೊಬ್ಬು ಅಲ್ಲಿ ಯಾಕ ಕುಂತೈತಿ? ಯಾವಾಗರ ರಕ್ತ ಏರಿಸಿದ್ರೇನ್ರಿ ನಿಮಗ?"

ಚಾಮುಂಡಿಯ ಕಿವಿಯಲ್ಲಿ ಉಳಿದದ್ದು 'ಕುಡಿಯಂಗಂತೂ ಇಲ್ಲ' ಎಂಬ ಮಾತು. ಲಿವರ್ ತುಂಬ ಕೊಬ್ಬು. ಅಣ್ಣನಿಗೂ ಇದನ್ನೇ ಹೇಳಿದ್ದರು. ಅವನ ಮಾತನ್ನು ಯಾರೂ ನಂಬಿರಲಿಲ್ಲ.

ಮುಂದಿನ ಪರೀಕ್ಷೆಗಳಲ್ಲಿ ತಿಳಿಯಿತು: ಹೆಪಟೈಟಿಸ್ ಸಿ. ಅದರಲ್ಲೂ ಮೂರನೆಯ ತಳಿ.

"ಇದು ಬರೇ ಲಿವರ್ ಕೆಡಸೂ ವೈರಸ್ ಅಲ್ರಿ," ಎಂದು ನಾಝಿಯಾ ಬಿಡಿಸಿ ಹೇಳಿದರು. "ನಾವು ತಿಂದ ಕೊಬ್ಬನ್ನ ಲಿವರ್ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ರಕ್ತಕ್ಕ ಕಳಸ್ತೈತಿ. ಈ ಮೂರನೇ ತಳಿ ಆ ಕಟ್ಟೂ ಕೆಲಸಾನ ಹಿಡದ್ ನಿಲ್ಲಸ್ತೈತಿ. ಕೊಬ್ಬು ಹೊರಗ ಹೋಗಂಗಿಲ್ಲ, ಒಳಗ ಹನಿ ಹನಿಯಾಗಿ ಕೂಡ್ತೈತಿ. ಆ ಹನಿ ಮ್ಯಾಲ ಕುಂತು ತನ್ನ ಮರಿ ಮಾಡ್ತೈತಿ. ಹೊರಗ ಹೋಗೂ ಪೊಟ್ಟಣ ಒಂದೆರಡು ಇರ್ತಾವಲ್ಲ, ಅದರಾಗ ತಾನೂ ಸೇರ್ಕೊಂಡು ಹೋಗ್ತೈತಿ. ಮೈಯಾಗಿನ ಕಾವಲುಗಾರ್ರಿಗೆ ಅದು ಬರೇ ಕೊಬ್ಬಿನಂಗ ಕಾಣ್ತೈತಿ."

ಗಂಗಾಧರ ತನಗೆ ಗೊತ್ತಿರುವ ರೀತಿಯಲ್ಲಿ ಅರ್ಥಮಾಡಿಕೊಂಡ. "ಅಂದ್ರೆ ಕಂಟೇನರ್ ಎಲ್ಲ ಯಾರ್ಡಲ್ಲೇ ಬಿದ್ದಿವೆ. ಹೋಗೋ ಒಂದೆರಡರಲ್ಲಿ ಕದ್ದು ಕೂತವನು ಒಬ್ಬ. ಹೊರಗಡೆ ಖಾಲಿ ಇದೆ ಅಂತ ನಾವು ಇಷ್ಟು ವರ್ಷ ಖುಷಿಪಟ್ವಿ."

"ಹಂಗ ಅಂದ್ರೂ ಆತು. ಆದ್ರ ಈಗ ಗುಳಿಗಿ ಅದಾವ್ರಿ. ಮೂರು ತಿಂಗಳು ತಗೊಂಡ್ರ ಬಹುತೇಕ ಮಂದಿಗೆ ಪೂರ್ತಿ ಹೋಗ್ತೈತಿ. ನಿಮ್ಮ ಲಿವರ್ ಇನ್ನೂ ಕೆಟ್ಟು ಗಟ್ಟಿಯಾಗಿಲ್ಲ. ಪುಣ್ಯ."

ಮನೆಗೆ ಬಂದವಳೇ ಚಾಮುಂಡಿ ಸರೋಜಳಿಗೆ ಫೋನ್ ಮಾಡಿದಳು. ಅಣ್ಣನ ಹೆಸರಿಗೆ ಹತ್ತಿದ ಮಸಿ ತೊಳೆದುಹೋಯಿತು ಎಂಬ ಉತ್ಸಾಹದಲ್ಲಿ ಅವಳಿಗೆ ತನ್ನ ಕಾಯಿಲೆಯೇ ಮರೆತಿತ್ತು.

"ಅತ್ತಿಗೇ, ಅಣ್ಣ ಕುಡೀತಿರ್ಲಿಲ್ಲ. ಅದು ವೈರಸ್ಸು. ಅವನಿಗೆ ಇದ್ದದ್ದೇ ನನಗೂ ಬಂದಿರ್ಬೇಕು. ಕುಡೀದೆ ಇದ್ರೂ ಅದು ಲಿವರ್‌ಗೆ ಕೊಬ್ಬು ತುಂಬುತ್ತಂತೆ."

ಆ ಕಡೆ ಯಾವುದೋ ಪಾತ್ರೆಯನ್ನು ನೆಲಕ್ಕಿಟ್ಟ ಶಬ್ದ ಕೇಳಿತು.

"ಹಂಗಾರೆ ನಾನು ಮಾಡಿದ್ದೇನು?" ಎಂದಳು ಸರೋಜ. "ಕೊನೇಗಾಲ್ದಲ್ಲಿ ನೀರು ಕೇಳ್ದಾಗ್ಲೂ, ಅದ್ನೇ ಕುಡ್ಕೊ ಹೋಗು ಅಂದಿದ್ದೆ ಕಣವ್ವ."

ಸರೋಜ ಮಾತು ಮುಂದುವರಿಸಿದಳು. ಅವಳಿಗೆ ಅನುಮಾನ ಹುಟ್ಟಿದ್ದು ಊರಿನ ಡಾಕ್ಟರ ಮಾತಿನಿಂದಲ್ಲ, ಅದಕ್ಕೂ ಬಹಳ ಹಿಂದೆ. ಗಾನವಿ ಹುಟ್ಟಿ ಐದಾರು ವರ್ಷವಾಗಿತ್ತು. ಯಾರಿಗೋ ರಕ್ತ ಕೊಡಲು ದೊಡ್ಡಾಸ್ಪತ್ರೆಗೆ ಹೋದವನು ಬೇಗ ಹಿಂದಿರುಗಿದ್ದ. ತೋಳು ಮಡಚಿರಲಿಲ್ಲ. ಜಗಲಿಯ ಮೇಲೆ ಕೂತು, ಇನ್ನು ಮೇಲೆ ಬರಬೇಡ ಅಂದರು ಎಂದ. ಯಾಕಂತೆ ಎಂದರೆ ಉತ್ತರವಿಲ್ಲ. ಆಮೇಲೆ ಎಂದೂ ರಕ್ತ ಕೊಡಲಿಲ್ಲ. ಜನ ಬಂದರೆ ಹಿತ್ತಲಿನಿಂದ ಹೊರಟುಹೋಗುತ್ತಿದ್ದ.

"ಕುಡಿಯೋರ ರಕ್ತ ತಗೊಳ್ಳಾಕಿಲ್ಲ ಅಂತ ಯಾರೋ ಅಂದ್ರು. ಅದ್ನೇ ನಾನು ಗಟ್ಟಿ ಮಾಡ್ಕೊಂಡೆ," ಎಂದು ಸರೋಜ ಫೋನ್ ಇಟ್ಟಳು.

ಊಟಕ್ಕೆ ಕೂತಾಗ ಚಾಮುಂಡಿ ಇದನ್ನೆಲ್ಲ ಹೇಳಿದಳು. ಗಾನವಿ ಚಮಚ ಕೆಳಗಿಟ್ಟಳು.

"ಅಮ್ಮಾ, ಆ ಟೈಮಲ್ಲಿ ಬ್ಲಡ್ ಬ್ಯಾಂಕ್‌ನಲ್ಲಿ ಹೆಪ್ ಸಿ ಟೆಸ್ಟಿಂಗ್ ಶುರು ಆಗಿತ್ತು. ದೇ ಮಸ್ಟ್ ಹ್ಯಾವ್ ಫೌಂಡ್ ಇಟ್." ಮತ್ತೆ ಕೇಳಿದಳು: "ಅದಕ್ಕೆ ಮೊದಲು ಮಾಮ ಎಷ್ಟೋ ಜನಕ್ಕೆ ಕೊಟ್ಟಿದ್ರಲ್ವಾ? ಹೂ ಆರ್ ದೇ?"

ರಸ್ತೆಯಂಚಿನಲ್ಲಿ ಸೆರಗು ಮುಚ್ಚಿ ಅಳುತ್ತಿದ್ದ ಹೆಂಗಸರು ಚಾಮುಂಡಿಯ ಕಣ್ಣ ಮುಂದೆ ಬಂದರು.

ಇದು ಅಣ್ಣನ ರಕ್ತದಿಂದಲೇ ಬಂದದ್ದೇ ಎಂದು ಮಾರನೆಯ ದಿನ ನಾಝಿಯಾರನ್ನು ಕೇಳಿದಳು. ನಿಮ್ಮೊಬ್ಬರ ಪರೀಕ್ಷೆಯಿಂದ ಹಾಗೆ ಹೇಳಲು ಬರುವುದಿಲ್ಲ, ನಿಮಗೆ ಬೇರೆ ಕಡೆಯಿಂದ ಬಂದಿರಲೂಬಹುದು ಎಂದರು ಅವರು. "ಆದ್ರ ಅವರ ರಕ್ತ ತಗೊಂಡವ್ರು ಯಾರ್ಯಾರು ಅಂತ ಗೊತ್ತಿದ್ರ ಹೇಳಬೇಕ್ರಿ. ಇದು ಇಪ್ಪತ್ತು ಮೂವತ್ತು ವರ್ಷ ಸುಮ್ನ ಕುಂತು ತಿನ್ನೂ ರೋಗ. ಗೊತ್ತಾಗೂ ಹೊತ್ತಿಗೆ ಹೊತ್ತು ಮೀರಿರ್ತೈತಿ. ನಿಮ್ಮ ಅಣ್ಣಾರಂಗ."

ಸರೋಜಳಿಗೆ ಎಲ್ಲ ಹೆಸರೂ ಬಾಯಲ್ಲಿದ್ದವು. ದೀಪಾವಳಿಗೆ ಕಜ್ಜಾಯ ತಂದುಕೊಡುತ್ತಿದ್ದವರು ಅವರೇ ತಾನೇ. ಆದರೆ ಚಾಮುಂಡಿ ಕೇಳಿದಾಗ ಅವಳು ಸಿಡಿದಳು.

"ಸತ್ತ ಮೇಲೂ ಅವ್ರನ್ನ ಬಿಡಾಕಿಲ್ವಾ ನೀವು? ಕುಡ್ಕ ಅಂದೆ, ಆ ಪಾಪ ನಂದು. ಈಗ ಊರಿಗೆಲ್ಲ ವಿಷ ಕೊಟ್ಟೋನು ಅನ್ನಿಸ್ಬೇಕಾ? ನಾನು ಹೇಳಾಕಿಲ್ಲ. ನೀನೂ ಹೇಳ್ಬ್ಯಾಡ."

ಆ ವಾರದಿಂದ ಬೋರಯ್ಯ ಮನೆಯೊಳಗೇ ಉಳಿದುಬಿಟ್ಟ. ಬೆಳಿಗ್ಗೆ ಕಾಫಿ ಸೋಸುವಾಗ ಹಿಂದೆ ನಿಂತಿರುತ್ತಿದ್ದ. ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋದರೆ ಕಂಬಿಗೆ ಒರಗಿರುತ್ತಿದ್ದ. ಅವನು ಮಾತಾಡಬೇಕೆಂದು ಮೊದಲು ಕಾದಿದ್ದ ಚಾಮುಂಡಿ ಈಗ ಅವನೆಲ್ಲಿ ಮಾತಾಡಿಬಿಡುತ್ತಾನೋ ಎಂದು ನಡುಗತೊಡಗಿದಳು. ಏಕೆಂದರೆ ಅವಳಲ್ಲೊಂದು ಪ್ರಶ್ನೆ ಹುಟ್ಟಿತ್ತು. ಇನ್ನು ಬರಬೇಡ ಎಂದವರು ಕಾರಣ ಹೇಳಿಯೇ ಕಳಿಸಿದ್ದರೋ, ಇಲ್ಲವೋ? ಹೇಳಿದ್ದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಅವಳು ಮಲೇಷ್ಯಾದಿಂದ ರಜೆಗೆ ಹೋದಾಗಲೆಲ್ಲ, ಚೆನ್ನಾಗಿದ್ದೀಯಾ ಚಾಮೀ ಎಂದು ತಲೆ ಸವರುತ್ತಿದ್ದನೇ?

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಕೇಳಿಯೇಬಿಟ್ಟಳು.

"ನಿನಗೆ ಗೊತ್ತಿತ್ತಾ ಅಣ್ಣ?"

ಬೋರಯ್ಯ ಮೊಣಕೈ ಸಂದಿಯ ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.

ಗುಳಿಗೆ ಮನೆಗೆ ಬಂದು ಕೆಲವು ದಿನವಾಗಿದ್ದರೂ ಅವಳು ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಗಂಗಾಧರ ಅದನ್ನು ಕಂಡು ಕೂಗಾಡಿದ. ಅವಳು ಆಗ ಎಲ್ಲವನ್ನೂ ಹೇಳಿದಳು: ಅಣ್ಣ ಕಾಣುವುದನ್ನು, ತೋಳು ಮಡಚಿ ನಿಲ್ಲುವುದನ್ನು.

"ನನ್ನ ಮೈಯಲ್ಲಿ ಅವನದು ಅಂತ ಉಳಿದಿರೋದು ಇದೊಂದೇ ರೀ. ಇದನ್ನೂ ಕೊಂದುಬಿಟ್ರೆ?"

ಗಂಗಾಧರ ನಗಲಿಲ್ಲ, ಹುಚ್ಚು ಎಂದೂ ಅನ್ನಲಿಲ್ಲ. ಅವಳ ಪಕ್ಕ ಕೂತ. "ನಿಮ್ಮಣ್ಣ ಕೊಟ್ಟಿದ್ದು ರಕ್ತ ಕಣೆ. ಇದು ಅದರ ಜೊತೆ ಕದ್ದು ಬಂದಿದ್ದು. ಅವರು ಕೊಟ್ಟಿದ್ದು ಅಲ್ಲಿ ಕೂತು ಓದ್ತಿದೆ ನೋಡು," ಎಂದು ಗಾನವಿಯ ಕೋಣೆಯತ್ತ ಕೈ ತೋರಿಸಿದ. ಗಾನವಿಯ ರಕ್ತ ಪರೀಕ್ಷೆಯೂ ಆಗಿತ್ತು. ಅವಳಿಗೆ ಏನೂ ಇರಲಿಲ್ಲ.

ಚಾಮುಂಡಿ ಅಂದೇ ಮೊದಲ ಗುಳಿಗೆ ನುಂಗಿದಳು. ಮತ್ತು ಅಂದೇ ತುಳಸಿಗೆ ಫೋನ್ ಮಾಡಿದಳು.

ಸರೋಜಳ ಬಾಯಿಂದ ಹೊರಡಬೇಕಿಲ್ಲದ ಹೆಸರು ಅದೊಂದು. ತುಳಸಿ ಚಾಮುಂಡಿಯ ಜೊತೆ ಓದಿದವಳು. ಅವಳ ಎರಡನೇ ಹೆರಿಗೆಗೆ ಬೋರಯ್ಯ ರಕ್ತ ಕೊಟ್ಟದ್ದು ಚಾಮುಂಡಿಗೇ ಗೊತ್ತಿತ್ತು. ಆ ಮಾತು ಈ ಮಾತು ಆಡಿ, ಆರೋಗ್ಯ ಹೇಗಿದೆಯೇ ಎಂದಳು.

"ಅಯ್ಯೋ, ನಂಗೆ ಫ್ಯಾಟಿ ಲಿವರ್ ಅಂದವ್ರೆ ಕಣೆ. ನಾಲ್ಕು ವರ್ಷದಿಂದ ಒಗ್ಗರಣೆಗೂ ಎಣ್ಣೆ ಇಲ್ಲ. ಒಣಕಡ್ಡಿ ಆಗಿವ್ನಿ, ಆದ್ರೂ ಅದು ಹೋಗ್ತಿಲ್ಲ. ಗಂಡ ಅಂತಾನೆ, ಕದ್ದು ತಿಂತಿದ್ದೀಯಾ ಅಂತ."

ಕದ್ದು ಕುಡಿಯುವ ಗಂಡ, ಕದ್ದು ತಿನ್ನುವ ಹೆಂಡತಿ. ಚಾಮುಂಡಿ ಏನನ್ನೂ ಮುಚ್ಚಿಡದೆ ಹೇಳಿದಳು. ತುಳಸಿ ಕೊನೆಗೆ, "ಇದ್ನ ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ?" ಎಂದಷ್ಟೇ ಕೇಳಿ ಫೋನ್ ಕತ್ತರಿಸಿದಳು.

ಹದಿನೈದು ದಿನ ಅವಳಿಂದ ಸುದ್ದಿಯಿಲ್ಲ. ಆಮೇಲೆ ಬಂದದ್ದು ಒಂದು ಫೋಟೋ, ರಕ್ತ ಪರೀಕ್ಷೆಯ ವರದಿಯದು. ಅದೇ ರೋಗ, ಅದೇ ತಳಿ. ಕೆಳಗೆ ಒಂದು ಅಕ್ಷರವನ್ನೂ ಅವಳು ಬರೆದಿರಲಿಲ್ಲ. ನಾಝಿಯಾ ಅದನ್ನು ನೋಡಿ ತಲೆಯಾಡಿಸಿದರು. "ಈಗ ಅನುಮಾನ ಉಳಿಲಿಲ್ರಿ."

ಚಾಮುಂಡಿ ಆ ಫೋಟೋವನ್ನು ಸರೋಜಳಿಗೆ ಕಳಿಸಿದಳು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಸರೋಜ ತಾನೇ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನು ಕೇಳುತ್ತಿತ್ತು.

"ತುಳಸಿ ಬಂದಿದ್ಳು. ಬಯ್ಯೋಕೆ ಬಂದೋಳು, ಬಯ್ಯಲಿಲ್ಲ. ನಿಮ್ಮಣ್ಣನ ಫೋಟೋ ಮುಂದೆ ಕೂತು ಅತ್ತು ಹೋದ್ಳು. ನಿಮ್ಮಣ್ಣ ಬಡ್ಕೊಂಡ್ರೂ ನಾನು ನಂಬ್ಲಿಲ್ಲ, ಬಾಯಿ ಮುಚ್ಚಿಸ್ದೆ. ಇನ್ನೊಬ್ಬರ ಬಾಯೂ ಮುಚ್ಚಿಸ್ಲಾ? ಅದ್ಕೇ ಹೊರಟಿವ್ನಿ. ಒಬ್ಬೊಬ್ಬರ ಮನೇಗೇ ಹೋಗಿ ಹೇಳ್ಬುಟ್ಟು ಬತ್ತೀನಿ."

"ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ ಅತ್ತಿಗೆ."

"ಮಾಡಿಸ್ದೆ. ನಂಗೇನೂ ಇಲ್ವಂತೆ. ನನ್ನ ಗುಂಪೇ ಬ್ಯಾರೆ. ಊರಿಗೆಲ್ಲ ಕೊಟ್ರು, ನಂಗೆ ಕೊಡೋ ಹಂಗೇ ಇರ್ಲಿಲ್ಲ," ಎಂದಳು ಸರೋಜ. ಅದು ಸಮಾಧಾನದ ಮಾತೋ ದುಃಖದ್ದೋ ಚಾಮುಂಡಿಗೆ ಗೊತ್ತಾಗಲಿಲ್ಲ.

ಒಂದು ಮನೆಯಲ್ಲಿ ಸರೋಜಳನ್ನು ಕೂರಿಸಿ ಕಾಫಿ ಕೊಟ್ಟರು. ಇನ್ನೊಂದರಲ್ಲಿ ಸೊಸೆ ಬಾಗಿಲು ಹಾಕಿಕೊಂಡಳು; ಕೊರೋನಾ ಹಂಚಲು ಬಂದಿರಾ, ಇಲ್ಲ ಹೊಸದೇನಾದರೂ ತಂದಿದ್ದೀರಾ ಎಂದಳಂತೆ. ಹೇಗಿದ್ದರೂ ಮಾತು ಒಳಗೆ ಬಿತ್ತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಇನ್ನಿಬ್ಬರಿಗೆ ರೋಗವಿತ್ತು, ಇಬ್ಬರಿಗೂ ಗುಳಿಗೆ ಶುರುವಾಯಿತು. ಕೊನೆಗೆ ಉಳಿದದ್ದು ಊರಾಚೆಯ ಚಿಕ್ಕತಾಯಮ್ಮ. ಸರೋಜ ಅಲ್ಲಿಗೆ ಹೋದಾಗ ಅವಳ ಗಂಡ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಅವ್ಳು ಹೋಗಿ ಆರು ವರ್ಷ ಆಯ್ತಲ್ಲವ್ವ," ಎಂದ. "ಕಾಮಾಲೆ. ಹೊಟ್ಟೆ ಊದ್ಕಂಡಿತ್ತು. ಯಾರೋ ಮದ್ದು ಹಾಕವ್ರೆ ಅಂದ್ರು, ಎಲ್ಲೆಲ್ಲಿಗೋ ಕರ್ಕೊಂಡ್ ಹೋಗಿದ್ದೆ." ಆಮೇಲೆ ಕೈ ಮುಗಿದ. "ನಿಮ್ಮ ಯಜಮಾನ್ರು ರಕ್ತ ಕೊಟ್ಟು ಉಳಿಸಿದ್ರು ಅಂತ ಸಾಯೋಗಂಟ ನೆನೀತಿದ್ಳು."

ಸರೋಜ ಹೇಳಬೇಕಾದ್ದನ್ನು ಹೇಳದೆ ಹಿಂದಿರುಗಿದಳು. ಅದನ್ನು ಚಾಮುಂಡಿಗೆ ಹೇಳುವಾಗ ಅವಳ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

ಏಪ್ರಿಲ್ ಬಂದಾಗ ಊರಿನಲ್ಲಿ ಎರಡನೇ ಅಲೆ ಎದ್ದು, ಯಾರೂ ಯಾರ ಮನೆಗೂ ಹೋಗದ ಹಾಗಾಯಿತು. ಚಾಮುಂಡಿ ಗುಳಿಗೆ ಮುಗಿಸಿದಳು. ಮತ್ತೆ ಮೂರು ತಿಂಗಳು ಬಿಟ್ಟು ರಕ್ತ ಕೊಟ್ಟು ಬಂದಳು. ವರದಿ ಹಿಡಿದುಕೊಂಡ ನಾಝಿಯಾರ ಮುಖ ಮಾಸ್ಕಿನೊಳಗೇ ಅರಳಿದ್ದು ಕಾಣುತ್ತಿತ್ತು.

"ಹೋತ್ರಿ! ಹುಡುಕಿದ್ರೂ ಇಲ್ಲ. ಲಿವರ್‌ದಾಗಿನ ಕೊಬ್ಬೂ ಇಳದೈತಿ. ಆದ್ರ ಇನ್ನ ಮ್ಯಾಲ ತುಪ್ಪ ನೋಡ್ಕೊಂಡ್ ತಿನ್ರಿ. ರಕ್ತದಾಗ ಕೊಲೆಸ್ಟ್ರಾಲ್ ಏರೈತಿ. ಈಗ ನೀವೂ ಎಲ್ಲಾರಂಗ ಆದ್ರಿ."

ಗಂಗಾಧರ ಜೋರಾಗಿ ನಕ್ಕ. ಚಾಮುಂಡಿಯೂ ನಕ್ಕಳು. ಕಾರಿನಲ್ಲಿ ಬರುವಾಗ ಅವಳು ಕಿಟಕಿಯಾಚೆ ನೋಡಲಿಲ್ಲ. ಬಹಳ ದಿನದಿಂದ ಅಣ್ಣ ಕಂಡಿರಲಿಲ್ಲ. ಚಿಕ್ಕತಾಯಮ್ಮನ ಸುದ್ದಿ ಬಂದಂದಿನಿಂದಲೇ ಕಂಡಿರಲಿಲ್ಲ. ವೈರಸ್ಸಿನ ಜೊತೆ ಅವನೂ ಹೋದ ಎಂದು ಅವಳು ಒಪ್ಪಿಕೊಂಡಿದ್ದಳು. ಅದು ಹಗುರವೆನಿಸಿತ್ತು. ಹಗುರವೆನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಮನೆಗೆ ಬಂದು, ಕೈ ತೊಳೆದು, ಹಣ್ಣು ಹೆಚ್ಚಲು ಕೂತಳು. ಹೊರಗೆ ಮಧ್ಯಾಹ್ನದ ಮಳೆ ಸುರಿದು ನಿಂತು, ಬಿಸಿಲು ಮತ್ತೆ ಬಿದ್ದಿತ್ತು. ತಲೆಯೆತ್ತಿದಾಗ ಊಟದ ಮೇಜಿನ ಆಚೆ ಬೋರಯ್ಯ ನಿಂತಿದ್ದ.

ಈ ಸಲ ಅವನ ತೋಳು ಮಡಚಿರಲಿಲ್ಲ. ಎರಡೂ ಕೈ ಜೋತುಬಿದ್ದಿದ್ದವು. ಅವನ ಪಕ್ಕದಲ್ಲಿ ಒಬ್ಬ ಹೆಂಗಸು. ಚಾಮುಂಡಿ ಅವಳನ್ನು ಎಂದೂ ನೋಡಿರಲಿಲ್ಲ. ಸಣಕಲು ಮೈ, ಉಬ್ಬಿದ ಹೊಟ್ಟೆ, ಅರಿಶಿನ ಬಣ್ಣಕ್ಕೆ ತಿರುಗಿದ ಕಣ್ಣು. ಆ ಕಣ್ಣಿನಲ್ಲಿ ಕೋಪವಿರಲಿಲ್ಲ. ಅಪರಿಚಿತರ ಮನೆಗೆ ಯಾರದೋ ಜೊತೆಯಲ್ಲಿ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದವಳ ಸಂಕೋಚ ಮಾತ್ರ ಇತ್ತು. ಬೋರಯ್ಯ ತಂಗಿಯನ್ನು ನೋಡುತ್ತಿರಲಿಲ್ಲ. ಪಕ್ಕದವಳನ್ನೇ ನೋಡುತ್ತಿದ್ದ.

ಚಾಮುಂಡಿಗೆ, ನಿನಗೆ ಗೊತ್ತಿತ್ತಾ ಎಂದು ಅಂದು ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಬೇಕೆನಿಸಲಿಲ್ಲ. ಅದರ ಉತ್ತರ ತನಗೆ ಕೊಡಬೇಕಾದ್ದೂ ಅಲ್ಲ ಎನಿಸಿತು. ಚಾಕು ಬದಿಗಿಟ್ಟು, ಎದ್ದು, ಎರಡು ಕುರ್ಚಿಗಳನ್ನು ಹಿಂದಕ್ಕೆ ಎಳೆದಳು.

"ಕೂತ್ಕೊಳ್ಳಿ," ಎಂದಳು.

"ಯಾರ ಜೊತೆ ಮಾತು?" ಎಂದು ಗಂಗಾಧರ ಕೋಣೆಯಿಂದ ಕೇಳಿದ.

"ಊರವರು," ಎಂದಳು ಚಾಮುಂಡಿ. ಆಮೇಲೆ ಫೋನ್ ಎತ್ತಿಕೊಂಡು, ಚಿಕ್ಕತಾಯಮ್ಮನ ಗಂಡನ ನಂಬರು ಬೇಕಿತ್ತೆಂದು ಸರೋಜಳನ್ನು ಕೇಳಿದಳು.